ಎದುರಿನವಳ ಪಾಲಿನ ಕಿವಿ

ದಿನವಿಡೀ ಕಿವಿಯಲ್ಲಿಟ್ಟುಕೊಂಡು ಕೆಲಸ ಮಾಡಲು ಯಾವ ಇಯರ್‌ಫೋನು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಚೆನ್ನಾಗಿ ಹೇಳಬಲ್ಲೆ. ಮೂರು ಬಗೆಯದನ್ನು ಹಾಕಿ ನೋಡಿದ್ದೇನೆ. ಎರಡನ್ನು ಬಿಟ್ಟೆ. ಮೂರನೆಯದು ಎಷ್ಟು ಹೊಂದಿತೆಂದರೆ ಅದು ಕಿವಿಯಲ್ಲಿದೆ ಎಂಬುದೇ ಮರೆತುಹೋಗುತ್ತಿತ್ತು. ಹಾಗೆ ಮರೆತಿದ್ದ ಏಳು ವಾರಗಳಲ್ಲಿ ಒಂದು ದಿನ, ನನ್ನ ಎದುರು ಕೂತು ಕೆಲಸ ಮಾಡುತ್ತಿದ್ದ ಗೆಳತಿ ನನ್ನನ್ನು ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. ಆದರೂ ತಲೆಯಾಡಿಸಿದೆ. ಅದರಿಂದ ಅವಳಿಗೆ ಏನಾಯಿತು ಎಂಬುದನ್ನು ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ಈಗ ನಾಲ್ಕನೇ ಕ್ಲಾಸು, ಅಂದರೆ ನನಗಿಂತ ಒಂದು ಕ್ಲಾಸು ಮೇಲೆ! ಹಾಲಿನ ಚೀಟಿಯಿಂದ ಹಿಡಿದು ನಾನು ಏನು ಬರೆದರೂ ಕಾಗುಣಿತ ತಿದ್ದುವವಳು ಅವಳೇ. ಇದೊಂದನ್ನು ಮಾತ್ರ ಅವಳಿಗೆ ತೋರಿಸಿಲ್ಲ. ತಪ್ಪಿದ್ದರೆ ಇರಲಿ.

ಚಿಕ್ಕಮಗಳೂರಿನ ಒಂದು ಕಾಫಿ ವರ್ಕ್ಸಿನಲ್ಲಿ ನಾನು ಬೀಜ ಆರಿಸುವವಳು. ಮೂಡಿಗೆರೆ, ಕಳಸದ ಕಡೆಯ ಎಸ್ಟೇಟುಗಳಿಂದ ಒಣಗಿದ ಕಾಫಿ ಮೂಟೆಗಟ್ಟಲೆ ಬರುತ್ತದೆ. ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಜರಡಿಯಲ್ಲಿ ದಪ್ಪ ಸಣ್ಣ ಬೇರೆ ಮಾಡಿ, ಕೊನೆಗೆ ನಮ್ಮ ಮೇಜಿನ ಮೇಲೆ ಸುರಿಯುತ್ತಾರೆ. ಕಪ್ಪು ಬೀಜ, ಹುಳ ಕೊರೆದದ್ದು, ಚೂರು, ಕಲ್ಲು, ಇವನ್ನೆಲ್ಲ ಕಣ್ಣಿನಲ್ಲಿ ಹಿಡಿದು ಬೆರಳಿನಲ್ಲಿ ತೆಗೆಯಬೇಕು. ಇಬ್ಬಿಬ್ಬರು ಎದುರುಬದುರು. ನಡುವೆ ಒಂದು ರಾಶಿ, ತೆಗೆದದ್ದನ್ನು ಹಾಕಲು ಇಬ್ಬರಿಗೂ ಸೇರಿ ಒಂದೇ ತಗಡಿನ ಡಬ್ಬಿ. ಕಣ್ಣು ಬೀಜ ಬಿಟ್ಟು ಮೇಲೆದ್ದರೆ ಒಂದು ಕಪ್ಪು ತಪ್ಪಿಸಿಕೊಂಡಿತೆಂದೇ ತಿಳಿಯಬೇಕು. ಅದಕ್ಕೇ ನಮ್ಮಲ್ಲಿ ಯಾರೂ ಮುಖ ನೋಡಿ ಮಾತಾಡುವುದಿಲ್ಲ. ತಲೆ ತಗ್ಗಿಸಿಕೊಂಡೇ ಹೇಳುವುದು, ತಲೆ ತಗ್ಗಿಸಿಕೊಂಡೇ ಕೇಳುವುದು. ಹೌದು ಅನ್ನಲು ಬಾಯಿ ಬೇಡ. ಧೂಳಿಗೆಂದು ಎಲ್ಲರೂ ತಲೆಗೆ ಬಟ್ಟೆ ಕಟ್ಟಿರುತ್ತೇವಲ್ಲ, ಆ ಬಟ್ಟೆ ಒಂದು ಸಲ ಮುಂದಕ್ಕೆ ಅಲುಗಿದರೆ ಸಾಕು, ಎದುರಿನವಳಿಗೆ ಕಣ್ಣಂಚಿನಲ್ಲಿ ಕಾಣುತ್ತದೆ. ಮೇಜಿನಲ್ಲಿ ತಲೆಯಾಡಿಸಿದರೆ ಮಾತು ಕೊಟ್ಟ ಹಾಗೆ. ಬಾಣಂತನಕ್ಕೆ ಬರುತ್ತೇನೆಂದು ಹಾಗೆ ತಲೆಯಾಡಿಸಿ, ಅದಕ್ಕಾಗಿ ರಜೆ ಹಾಕಿ ಹೋದವರಿದ್ದಾರೆ. ಇಂಥವರ ಮಗನಿಗೆ ಮಗಳನ್ನು ಕೊಡುತ್ತೇನೆಂದು ತಲೆಯಾಡಿಸಿ, ಕೊಟ್ಟವರೂ ಇದ್ದಾರೆ.

ನನ್ನ ಎದುರಿನವಳು ಹದಿನೆಂಟು ವರ್ಷವೂ ಅದೇ ಎದುರಿನವಳು. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಮನೆಯಲ್ಲಿ ಬಾಯಿ ಬಿಡದವಳು ಮೇಜಿಗೆ ಬಂದರೆ ನಿಲ್ಲಿಸುತ್ತಿರಲಿಲ್ಲ. ನಾನು ಕೇಳುವವಳು, ಅವಳು ಹೇಳುವವಳು. ಹಾಗೇ ನಡೆದುಬಂದಿತ್ತು.

ಕುದುರೆಮುಖದ ಗಣಿ ನಿಲ್ಲುತ್ತದಂತೆ ಎಂದು ಮಾತು ಎದ್ದಿದ್ದ ದಿನಗಳವು. ನಮ್ಮ ವರ್ಕ್ಸಿಗೆ ಬಣ್ಣ ನೋಡಿ ಬೀಜ ಆರಿಸುವ ಯಂತ್ರ ಬಂತು. ಬೀಜ ಸಾಲಾಗಿ ಬೀಳುವಾಗ ಅದರೊಳಗಿನ ಕಣ್ಣು ಕಪ್ಪನ್ನು ಗುರುತಿಸಿ, ಫಟ್ಟೆಂದು ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಹಾರಿಸಿದ್ದರಲ್ಲಿ ಒಳ್ಳೆಯ ಬೀಜವೂ ಸೇರಿಕೊಳ್ಳುತ್ತದೆ. ಅದನ್ನು ಮತ್ತೆ ಆರಿಸುವುದಕ್ಕೆ ನಾವೊಂದಿಷ್ಟು ಜನ ಉಳಿದೆವು. ಗಾಳಿ ತುಂಬುವ ಕಂಪ್ರೆಸರನ್ನು ನಮ್ಮ ಕೆಲಸದ ಕೋಣೆಯ ಗೋಡೆಗೇ ತಾಗಿಸಿ ಕೂರಿಸಿದ್ದರು. ಅದು ಶುರುವಾದರೆ ಮೇಜಿನ ಮೇಲಿನ ಬೀಜಗಳು ತಾವಾಗಿಯೇ ನಡುಗುತ್ತಿದ್ದವು. ಸಂಜೆ ಮನೆಗೆ ಹೋದ ಮೇಲೂ ತಲೆಯೊಳಗೆ ಗುಂಯ್ ಅನ್ನುತ್ತಿತ್ತು. ನಮ್ಮ ಮೇಲೆ ನಿಗಾ ಇಟ್ಟಿದ್ದ ರೈಟರು ಪಾಪ, ಒಳ್ಳೆಯವರು. ಹತ್ತಿಯ ಉಂಡೆ ಹಂಚಿದರು. ಹತ್ತಿ ಇಟ್ಟುಕೊಂಡೂ ಎದುರಿನವಳು ಮಾತು ಬಿಡಲಿಲ್ಲ. ಮೈ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಯಂತ್ರದ ಸದ್ದಿನ ಕೆಳಗಿನಿಂದ ನುಗ್ಗಿಸಿದ ಹಾಗೆ ದನಿ ತಗ್ಗಿಸಿ ಹೇಳುವುದನ್ನು ಕಲಿತಳು.

ಈಗ ನಮ್ಮ ಪುಟ್ಟಿಯ ವಿಷಯ ಹೇಳಬೇಕು. ಅವಳ ಹೆಸರೆತ್ತಿದರೆ ನನಗೆ ಈಗಲೂ ಉಸಿರು ಹೆಚ್ಚಾಗುತ್ತದೆ. ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಾಗಿರಲಿಲ್ಲ. ಹೊರನಾಡಿಗೆ ಎಷ್ಟು ಸಲ ಹೋಗಿ ಕೈಮುಗಿದೆನೋ! ಹನ್ನೆರಡನೇ ವರ್ಷಕ್ಕೆ ಹುಟ್ಟಿದಳು, ತಲೆ ತುಂಬ ಕೂದಲು ಹೊತ್ತುಕೊಂಡು. ಅಳಿಯ ಕುದುರೆಮುಖದಲ್ಲಿ ಕ್ಯಾಂಟೀನಿನ ಕೆಲಸದಲ್ಲಿದ್ದ. ಅಷ್ಟು ದೂರಕ್ಕೆ ನಾನು ವರ್ಷಕ್ಕೆರಡು ಸಲ ಹೋದರೆ ಹೆಚ್ಚು. ಮಗುವಿಗೆ ಮೂರು ವರ್ಷ ತುಂಬಿ ಮಾತಿನ ಮಳೆ ಶುರುವಾದಾಗ ಮಗಳಿಗೆ ಒಂದು ಯೋಚನೆ ಬಂತು. ಮಗು ಆಡುವುದನ್ನೆಲ್ಲ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿ, ಕ್ಯಾಸೆಟ್ಟನ್ನು ಕಳಸದ ಮೇಲೆ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸತೊಡಗಿದಳು. ಜೊತೆಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಸಣ್ಣ ವಾಕ್‌ಮ್ಯಾನ್. ಕ್ಯಾಸೆಟ್ಟು ಇದ್ದದ್ದು ಎರಡೇ. ಶನಿವಾರ ಹೊಸದು ಬಂದಾಗ ಹಳೆಯದನ್ನು ಅದೇ ಕಂಡಕ್ಟರಿಗೆ ಕೊಡಬೇಕು, ಅವಳು ಅದರ ಮೇಲೇ ಮತ್ತೆ ತುಂಬಿಸಿ ಕಳಿಸುತ್ತಾಳೆ. ಅಂದರೆ ಒಂದು ವಾರದ ಪುಟ್ಟಿ ನನ್ನ ಹತ್ತಿರ ಇರುವುದು ಒಂದೇ ವಾರ. ಆಮೇಲೆ ಅಳಿಸಿಹೋಗುತ್ತಾಳೆ.

ಮನೆಗೆ ಹೋಗಿ ಅಡಿಗೆ, ಪಾತ್ರೆ ಮುಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ನನಗೆ ಬಿಡುವಾಗಿದ್ದ ಒಂದೇ ಅಂಗ ಕಿವಿ, ಅದೂ ಕೆಲಸದ ಹೊತ್ತಿನಲ್ಲಿ. ರೈಟರನ್ನು ಕೇಳಿದೆ. "ಕೈ ನಿಲ್ಲದಿದ್ರೆ ಸರಿ, ನಿಮ್ ಕಿವಿ ನಿಮ್ದು" ಅಂದರು.

ವಾಕ್‌ಮ್ಯಾನಿನ ಜೊತೆಗೆ ಬಂದದ್ದು ತಲೆಯ ಮೇಲೆ ಪಟ್ಟಿ ಇರುವ, ಕಿವಿಗೆ ಸ್ಪಂಜು ಒತ್ತುವ ಬಗೆಯದು. ತಲೆಬಟ್ಟೆಯ ಮೇಲೆ ಹಾಕಿದರೆ ತಲೆ ಬಗ್ಗಿಸಿದೊಡನೆ ಪಟ್ಟಿ ಹಣೆಗೆ ಜಾರುತ್ತಿತ್ತು. ಬಟ್ಟೆಯ ಕೆಳಗೆ ಹಾಕಿದರೆ ಓಲೆಯ ತಿರುಪು ಕಿವಿಯ ಹಿಂದಕ್ಕೆ ಚುಚ್ಚಿ ಊಟದ ಹೊತ್ತಿಗೆ ಕಣ್ಣೀರು. ಹೊಟ್ಟಿನ ಧೂಳೂ ಬೆವರೂ ಕುಡಿದು ಸ್ಪಂಜು ಎರಡೇ ದಿನಕ್ಕೆ ಕಡಿತ ಶುರುಮಾಡಿತು. ಎಲ್ಲಕ್ಕಿಂತ ಹೆಚ್ಚಿಗೆ, ಯಂತ್ರದ ಮೇಲೆ ಕೇಳಿಸಲೆಂದು ಸದ್ದು ಏರಿಸಿದರೆ ಅರ್ಧ ಹೊರಗೇ ಸೋರುತ್ತಿತ್ತು. ಒಂದು ದಿನ ಕಂಪ್ರೆಸರು ತಟ್ಟನೆ ನಿಂತಾಗ ಕೋಣೆಗೆಲ್ಲ ಪುಟ್ಟಿಯ ರಾಗ. ರೈಟರು ಬಂದು ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಏನಮ್ಮಾ, ರಾಶಿ ಒಳಗೆ ಮಗು ಅಳ್ತಾ ಐತಲ್ಲ!"

ಎರಡನೆಯದು ಗುಂಡಿಯಂಥದ್ದು, ಗಟ್ಟಿ ಪ್ಲಾಸ್ಟಿಕ್ಕು, ಕಿವಿಯ ಬಟ್ಟಲಿಗೆ ಸಿಕ್ಕಿಸುವುದು. ಬಹಳ ಅಗ್ಗ. ನಿಂತುಕೊಂಡಾಗ ಚೆನ್ನಾಗಿಯೇ ಕೂರುತ್ತಿತ್ತು. ಆದರೆ ನಾವು ನಿಂತು ಕೆಲಸ ಮಾಡುವವರಲ್ಲವಲ್ಲ. ತಲೆ ತಗ್ಗಿಸಿ ಹತ್ತು ನಿಮಿಷಕ್ಕೆ ಮೆಲ್ಲಗೆ ಹೊರಳಿ ಹೊರಗೆ ಬೀಳುತ್ತಿತ್ತು. ಬಿಗಿಯಾಗಲೆಂದು ಅದಕ್ಕೆ ಬಟ್ಟೆಯ ಚೂರು ಸುತ್ತಿದೆ. ಆಗ ಬೀಳಲಿಲ್ಲ, ಆದರೆ ಕಿವಿಯ ಏಣು ಕೆಂಪಾಗಿ ಊದಿಕೊಂಡಿತು. ನನ್ನ ಕಿವಿಯ ಬಟ್ಟಲು ಸಣ್ಣದು, ಗುಂಡಿ ದೊಡ್ಡದು. ಎಷ್ಟು ಒತ್ತಿದರೂ ಬಟ್ಟಲು ಹಿಗ್ಗುತ್ತದೆಯೇ? ಕಡೆಗೊಂದು ದಿನ ಅದು ಕಿತ್ತುಕೊಂಡು ಬೀಜದ ರಾಶಿಗೇ ಬಿದ್ದು ಕಾಣೆಯಾಯಿತು. ನಾನೂ ಎದುರಿನವಳೂ ಹುಡುಕಿ ಹುಡುಕಿ ಸುಸ್ತಾದೆವು. ಸಂಜೆ ಡಬ್ಬಿ ಖಾಲಿ ಮಾಡುವಾಗ ಕಪ್ಪು ಬೀಜಗಳ ನಡುವೆ ಸಿಕ್ಕಿತು. ರೈಟರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದ್ಯಾವ ಗ್ರೇಡಮ್ಮಾ?" ಅಂದರು. ಸಾಲಿಗೆ ಸಾಲೇ ನಕ್ಕಿತು.

"ನೀನೊಬ್ಳೇ ಹೋದ್ರೆ ಅಂಗಡಿಯವ್ನು ಏನ್ ಕೊಟ್ರೂ ತರ್ತೀಯ. ಭಾನುವಾರ ನಾನೂ ಬರ್ತೀನಿ ನಡಿ" ಅಂದಳು ಎದುರಿನವಳು.

ಅಂಗಡಿ ಇದ್ದದ್ದು ಒಂದು ಓಣಿಯ ತುದಿಯಲ್ಲಿ. ರೇಡಿಯೊ ರಿಪೇರಿ ಮಾಡುವವರು, ವಯಸ್ಸಾದವರು. ಅವರ ನೆಂಟರು ಗಲ್ಫಿನಿಂದ ತಂದ ಒಂದಷ್ಟು ಸಾಮಾನು ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಮೆತ್ತನೆಯ ರಬ್ಬರು ತುದಿಯ, ಕಿವಿಯ ತೂತಿಗೇ ಹೋಗುವ ಬಗೆಯದು ಎರಡಿದ್ದವು. ಒಂದು ದುಬಾರಿ, ತೂಕದ್ದು, ಹಾಡು ಹಾಕಿದರೆ ಎದೆಯೊಳಗೆ ಡಂ ಡಂ ಅನ್ನುವುದು. ಇನ್ನೊಂದು ಹಗುರ, ತೆಳ್ಳನೆ ವಯರು, ಕಡಿಮೆ ಬೆಲೆಯದು. ನಾನು ಪುಟ್ಟಿಯ ಕ್ಯಾಸೆಟ್ಟನ್ನೇ ತೆಗೆದುಕೊಂಡು ಹೋಗಿದ್ದೆ. ಎರಡರಲ್ಲೂ ಅದನ್ನೇ ಹಾಕಿ ಕೇಳಿದೆ. ದುಬಾರಿಯದರಲ್ಲಿ ಪುಟ್ಟಿಯ ದನಿ ಕೊಡದೊಳಗಿಂದ ಬಂದ ಹಾಗಿತ್ತು. ಅಗ್ಗದ್ದರಲ್ಲಿ ಅವಳು ಮೂಗೆಳೆದುಕೊಂಡದ್ದೂ ಕೇಳಿಸಿತು.

"ಇದೇ ಆಗ್ಬೋದು" ಅಂದೆ.

"ಕೂತ್ಕೊಂಡು ನೋಡು ಮೊದ್ಲು" ಅಂದಳು ಎದುರಿನವಳು. ಗಾಡಿಯವನ ಹತ್ತಿರ ಹಸಿ ಕಡಲೆಕಾಯಿ ಬೀಜ ತಂದು ಅಂಗಡಿಯ ಮೆಟ್ಟಿಲ ಮೇಲೆ ಸೆರಗು ಹಾಸಿ ಸುರಿದಳು. ನಾವಿಬ್ಬರೂ ಎದುರುಬದುರು ಕೂತು, ತಲೆ ಬಗ್ಗಿಸಿ, ಮುಗ್ಗಿದ್ದನ್ನು ಆರಿಸತೊಡಗಿದೆವು. ಅಂಗಡಿಯವರು ಗಾಬರಿಯಾದರು.

"ಅಮ್ಮಾ, ಇದೇನು ಚಪ್ಲೀನಾ, ಹಾಕ್ಕೊಂಡ್ ನೋಡಕ್ಕೆ?"

"ಚಪ್ಲೀನಾದ್ರೂ ಬಾಗ್ಲಲ್ಲಿ ಬಿಡ್ತೀವಿ ಅಣ್ಣಾ. ಇದು ದಿನಾ ಎಂಟು ಗಂಟೆ" ಅಂದಳು.

ಅರ್ಧ ಗಂಟೆ ಕೂತೆವು. ಮೂರು ಅಳತೆಯ ರಬ್ಬರು ಕೊಟ್ಟಿದ್ದರು. ನನ್ನ ಎಡಗಿವಿಗೆ ಸಣ್ಣದು, ಬಲಗಿವಿಗೆ ಮಧ್ಯದ್ದು ಸರಿಹೋಯಿತು. ಒಬ್ಬಳೇ ಹೆಂಗಸಿಗೆ ಎರಡು ಅಳತೆಯ ಕಿವಿ ಇರುತ್ತದೆಂದು ನನಗೆ ಗೊತ್ತಾದದ್ದು ಅಲ್ಲಿ. ಸುಮ್ಮನೆ ತುರುಕಿದರೆ ಒಳಗೆ ಕೂರುವುದಿಲ್ಲ. ಒಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಒತ್ತಬೇಕು. ಕೂತಿತೆಂದರೆ ದನಿ ತಟ್ಟನೆ ದಪ್ಪವಾಗುತ್ತದೆ. ಸಡಿಲವಾದರೆ ತೆಳ್ಳಗಾಗುತ್ತದೆ. ಒಂದೇ ಒಂದು ತೊಂದರೆ ಉಳಿಯಿತು. ವಯರು ಕೆಳಗೆ ಜೋತು ಓಲೆಗೆ ಸಿಕ್ಕಿಕೊಳ್ಳುತ್ತಿತ್ತು. ಕೈ ಆಡಿಸಿದಾಗೆಲ್ಲ ಜಗ್ಗುತ್ತಿತ್ತು.

ಎದುರಿನವಳು ಎದ್ದು ನನ್ನ ಹಿಂದೆ ಬಂದಳು. ವಯರನ್ನು ಕಿವಿಯ ಮೇಲಿಂದ ಹಾಯಿಸಿ, ರೈಟರು ಪೆನ್ಸಿಲು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಕೂರಿಸಿ, ಬೆನ್ನಿನ ಕಡೆಗೆ ಇಳಿಬಿಟ್ಟು ರವಿಕೆಗೆ ಒಂದು ಪಿನ್ನು ಹಾಕಿದಳು. "ಈಗ ಆಡ್ಸು ತಲೆ" ಅಂದಳು. ಆಡಿಸಿದೆ. ಅಲುಗಲಿಲ್ಲ. ಅಷ್ಟು ವರ್ಷ ರೇಡಿಯೊ ರಿಪೇರಿ ಮಾಡಿದವರಿಗೂ ಆ ಉಪಾಯ ಹೊಳೆದಿರಲಿಲ್ಲ.

ಹೊರಗೆ ಬಂದ ಮೇಲೆ, ಉಳಿದ ಕಡಲೆಕಾಯಿ ಬೀಜ ತಿನ್ನುತ್ತ ಅವಳು ಕೇಳಿದಳು.

"ಎರಡೂ ಕಿವಿಗೆ ಹಾಕ್ಕೊಂಬಿಟ್ರೆ ನನ್ ಗತಿ ಏನೇ?"

"ಏನ್ ಗತಿ?"

"ನಾನ್ ಯಾರಿಗ್ ಹೇಳ್ಲಿ? ಕಂಪ್ರೆಸರಿಗಾ? ನೋಡು, ಎಡಗಿವಿ ನಿನ್ ಮೊಮ್ಮಗಳಿಗೆ. ಬಲಗಿವಿ ನನ್ ಪಾಲಿಗೆ. ಹೂಂ ಅನ್ನು."

ನಾನು ನಗುತ್ತ ಹೂಂ ಅಂದೆ. ಬಲಗಿವಿಯದನ್ನು ಹಾಗೇ ತಲೆಬಟ್ಟೆಯೊಳಗೆ ಮಡಚಿಟ್ಟುಕೊಳ್ಳುವುದೆಂದು ಆಯಿತು.

ಮೊದಲ ಎರಡು ವಾರ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಎಡಗಿವಿಯಲ್ಲಿ ಪುಟ್ಟಿ ಬೆಕ್ಕಿಗೆ ಬೈಯುತ್ತಿದ್ದಳು, ಒಂದು ಎರಡು ಐದು ಎಂದು ಎಣಿಸುತ್ತಿದ್ದಳು, "ಅಜ್ಜೀ, ಎಲ್ಲಾ ಬೀಜ ಆರ್ಸಾಯ್ತಾ? ನಂಗೊಂದ್ ಇಟ್ಟಿದ್ದೀಯಾ?" ಎಂದು ಕೇಳುತ್ತಿದ್ದಳು. ಬಲಗಿವಿಯಲ್ಲಿ ಎದುರಿನವಳು ತಮ್ಮನ ಹೆಂಡತಿಯ ಕಥೆ ಹೇಳುತ್ತಿದ್ದಳು. ಒಂದು ಸಲ ಇಬ್ಬರ ಮಾತೂ ಬೆರೆತು ನಾನು ಜೋರಾಗಿ "ಇಟ್ಟಿದ್ದೀನಿ ಕಂದಾ" ಅಂದುಬಿಟ್ಟೆ. ಎದುರಿನವಳು, "ನಂಗಲ್ಲ ತಾನೇ ಅದು?" ಅಂದಳು.

ಮೂರನೇ ವಾರ ಯಂತ್ರ ಇನ್ನೊಂದು ಬಂತು, ಅದರ ಜೊತೆಗೆ ಇನ್ನೊಂದು ಕಂಪ್ರೆಸರು. ಬರಿದಾದ ಬಲಗಿವಿಯೊಳಗೆ ಆ ಸದ್ದು ನುಗ್ಗಿ ಎಡಗಿವಿಯ ಮಗುವನ್ನು ಮುಳುಗಿಸತೊಡಗಿತು. ಸದ್ದು ಏರಿಸಿದೆ, ಎಡಗಿವಿ ನೋಯತೊಡಗಿತು. ಆ ವಾರದ ಕ್ಯಾಸೆಟ್ಟಿನ ಕೊನೆಯಲ್ಲಿ ಪುಟ್ಟಿ, "ಅಜ್ಜೀ, ಒಂದ್ ಗುಟ್ಟು ಹೇಳ್ತೀನಿ, ಅಮ್ಮಂಗೆ ಹೇಳ್ಬಾರ್ದು" ಅಂದು ದನಿ ತಗ್ಗಿಸುತ್ತಾಳೆ. ಆ ಗುಟ್ಟು ಏನೆಂದು ನನಗೆ ಕೇಳಿಸಲೇ ಇಲ್ಲ. ಹಿಂದಕ್ಕೆ ತಿರುಗಿಸಿ ಐದಾರು ಸಲ ಹಾಕಿದೆ. ಇಲ್ಲ. ಮೂರು ವರ್ಷದ ಮಗು ನನ್ನೊಬ್ಬಳಿಗೆಂದು ಹೇಳಿದ ಗುಟ್ಟು!

ತಲೆಬಟ್ಟೆ ಸರಿಮಾಡಿಕೊಳ್ಳುವವಳ ಹಾಗೆ ಕೈ ಮೇಲೆತ್ತಿ ಬಲಗಿವಿಗೂ ಹಾಕಿಕೊಂಡೆ. ಗುಟ್ಟು ಕೇಳುವಷ್ಟು ಹೊತ್ತು ಮಾತ್ರ ಅಂದುಕೊಂಡೆ.

ಎರಡೂ ಕೂತೊಡನೆ ಯಂತ್ರ, ಕೋಣೆ, ಜನ ಎಲ್ಲ ದೂರ ಸರಿದುಹೋಯಿತು. ಮಗುವಿನ ಉಸಿರು ನನ್ನ ಕತ್ತಿಗೇ ತಾಗಿದ ಹಾಗಾಯಿತು. ಗುಟ್ಟು ಇಷ್ಟೇ, ಅವಳು ಬೆಲ್ಲ ಕದ್ದು ತಿಂದಿದ್ದಳು. ನಾನು ತಲೆ ತಗ್ಗಿಸಿಕೊಂಡೇ ಕಣ್ಣು ತುಂಬಿಕೊಂಡೆ. ಆಮೇಲೆ ತೆಗೆಯಬೇಕು ಅಂದುಕೊಂಡೆ. ತೆಗೆದರೆ ಮತ್ತೆ ಹಾಕಲು ಎರಡು ಕೈ ಬೇಕು, ರಾಶಿ ಹಾಗೇ ಉಳಿಯುತ್ತದೆ, ರೈಟರು ನೋಡುತ್ತಾರೆ. ಊಟದ ಬಿಡುವಿನಲ್ಲಿ ತೆಗೆದರಾಯಿತು ಅಂದುಕೊಂಡೆ. ಮಾರನೆಯ ದಿನದಿಂದ ಬೆಳಿಗ್ಗೆಯೇ ಎರಡನ್ನೂ ಹಾಕಿಕೊಂಡು, ಮೇಲೆ ತಲೆಬಟ್ಟೆ ಇಳಿಸಿ ಕಟ್ಟಿಕೊಂಡು ಬರತೊಡಗಿದೆ. ಬಲಗಿವಿ ಮುಚ್ಚಿದೆ ಎಂದು ಅವಳಿಗೆ ಕಾಣುವ ಹಾಗಿರಲಿಲ್ಲ.

ಅವಳು ಹೇಳುತ್ತಿದ್ದಳು. ರಾಶಿಯಾಚೆ ಅವಳ ಗಲ್ಲ ಅಲುಗುವುದು ಕಣ್ಣಂಚಿಗೆ ಕಾಣುತ್ತಿತ್ತು. ಗಲ್ಲ ನಿಂತಾಗ ನಾನು ತಲೆಯಾಡಿಸುತ್ತಿದ್ದೆ. ಹದಿನೆಂಟು ವರ್ಷ ಕೇಳಿದವಳಿಗೆ ಎಲ್ಲಿ ತಲೆಯಾಡಿಸಬೇಕೆಂಬುದು ಕೇಳಿಸದೆಯೂ ಗೊತ್ತಿತ್ತು. ಹೀಗೆ ಏಳು ವಾರ.

ನಡುವೆ ಒಂದು ಶನಿವಾರ ಅವಳು ಕೆಲಸಕ್ಕೆ ಬರಲಿಲ್ಲ. ಸೋಮವಾರ ಬಂದಾಗ, "ಎಲ್ಲೋಗಿದ್ದೆ ಮಾರಾಯ್ತಿ ಶನಿವಾರ?" ಎಂದು ನಾನೇ ಕೇಳಿದೆ. ಕೇಳುವಾಗ ಕಿವಿಯಲ್ಲಿ ಎರಡೂ ಇದ್ದವು. ಅವಳು ಮುಖವೆತ್ತಿ ನನ್ನನ್ನೇ ಒಂದು ಗಳಿಗೆ ನೋಡಿ ಏನೋ ಅಂದಳು. ಪುಟ್ಟಿ ಆಗ ಹಾಡುತ್ತಿದ್ದಳು. ನಾನು ತಲೆಯಾಡಿಸಿದೆ. ಆಮೇಲೆ ಎದುರಿನ ಗಲ್ಲ ಅಷ್ಟಾಗಿ ಅಲುಗಲಿಲ್ಲ. ಅದನ್ನೂ ನಾನು ಗಮನಿಸಿದ್ದು ಆಮೇಲೆ, ಹಿಂದಿನದನ್ನೆಲ್ಲ ನೆನೆದು ಕೂಡಿಸುವಾಗ.

ಅದಾಗಿ ಒಂದು ತಿಂಗಳಿಗೆ ಅವಳು ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದಳು. ನಾಲ್ಕನೇ ದಿನ ನಾನು ಅವಳ ತಮ್ಮನ ಮನೆಗೆ ಹೋದೆ. ಹಿಂದಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು, ಕೈ ಊದಿತ್ತು.

"ಏನೇ ಇದು! ನಂಗ್ ಒಂದ್ ಮಾತ್ ಹೇಳ್ಬಾರ್ದಾ?"

ಅವಳು ನಕ್ಕಳೋ ಏನೋ, ತುಟಿ ಸರಿಯಿತು. "ಹೇಳಿದ್ನಲ್ಲೇ."

"ಯಾವಾಗ?"

"ಎದೇಲಿ ಗಂಟಾಗೈತೆ ಅಂತ ಹೇಳ್ಲಿಲ್ವಾ? ಶನಿವಾರ ದೊಡ್ಡಾಸ್ಪತ್ರೆಗೆ ನನ್ ಜೊತೆ ಬರ್ತೀಯಾ, ಒಬ್ಳೇ ಒಳಗೋಗಿ ಬಟ್ಟೆ ಬಿಚ್ಚಕ್ಕೆ ನಾಚ್ಕೆ, ಭಯ ಆಗುತ್ತೆ ಅಂತ ಕೇಳ್ಲಿಲ್ವಾ? ನೀ ತಲೆ ಆಡ್ಸಿದ್ದೆ. ಗೇಟಿನ ಹತ್ರ ಬೆಳಗ್ಗೆಯಿಂದ ಚೀಟಿ ಕೊಡೋದ್ ಮುಚ್ಚೋವರ್ಗೂ ನಿಂತಿದ್ದೆ. ಹತ್ ಹೆಜ್ಜೆ ಒಳಗ್ ಹೋಗಿ ವಾಪಸ್ ಬಂದೆ. ಸೋಮವಾರ ನೀನೇ 'ಎಲ್ಲೋಗಿದ್ದೆ' ಅಂತ ಕೇಳ್ದೆ. 'ನೀ ಬರ್ತೀಯಂತ ಕಾಯಕ್ಕೆ ಹೋಗಿದ್ದೆ' ಅಂದೆ. ಅದಕ್ಕೂ ತಲೆ ಆಡ್ಸ್ದೆ." ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಟ್ಟುಕೊಂಡು ಹೇಳಿದಳು. "ಇವ್ಳಿಗೆ ಮೊಮ್ಮಗಳಿದ್ದಾಳೆ, ಈ ಕೊಳೆ ಸುದ್ದಿ ಎಲ್ಲಾ ಬ್ಯಾಡವಾಗಿದೆ ಅಂದ್ಕೊಂಡೆ. ಮತ್ತೆ ಕೇಳಕ್ಕೆ ಬಾಯ್ ಬರ್ಲಿಲ್ಲ."

ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ಮರೆತೆ ಅನ್ನಬಹುದಿತ್ತು, ಜ್ವರ ಬಂದಿತ್ತು ಅನ್ನಬಹುದಿತ್ತು. ಮರೆತೆ ಅಂದಿದ್ದರೆ ಅವಳಿಗೆ ಕಡಿಮೆ ನೋವಾಗುತ್ತಿತ್ತೋ ಏನೋ, ಇವತ್ತಿಗೂ ನನಗೆ ತಿಳಿಯದು. ನಿಜ ಹೇಳಿದೆ.

"ನಂಗ್ ಕೇಳಿಸ್ಲಿಲ್ಲ ಕಣೇ. ಬಲಗಿವಿಗೂ ಹಾಕ್ಕೊಂಡಿದ್ದೆ."

"ಅವತ್ತಾ?"

"ಎಲ್ಲಾ ದಿನಾನೂ. ಏಳು ವಾರ."

ಅವಳು ನನ್ನ ಮುಖವನ್ನು ನೋಡಿದಳು. ಅಷ್ಟು ಹೊತ್ತು ಅವಳು ನನ್ನ ಮುಖ ನೋಡಿದ್ದು ನಮ್ಮ ಇಷ್ಟು ವರ್ಷಗಳಲ್ಲಿ ಅದೇ ಮೊದಲು.

"ಹಂಗಾದ್ರೆ ಅವ್ರು ವಾಪಸ್ ಬಂದಿದ್ದು ಹೇಳಿದ್ದು? ಅದೂ ಕೇಳ್ಲಿಲ್ವಾ?"

ಅವ್ರು ಅಂದರೆ ಯಾರು, ಬಿಟ್ಟುಹೋದ ಗಂಡನೇ? ಬಂದಿದ್ದನೇ? ಎಲ್ಲಿಗೆ? ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಎಷ್ಟೊಂದ್ ಹೇಳ್ದೆ ಕಣೇ" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಈಗ ಬರೆಯುತ್ತಿರಲಿಲ್ಲ.

ಮಾರನೆಯ ದಿನವೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಮಂಗಳೂರಿಗೆ ಬರೆದುಕೊಟ್ಟರು. ಅವಳ ತಮ್ಮನೂ ನಾನೂ ಜೊತೆಗೆ ಹೋದೆವು. ಒಳಗಿನ ಕೋಣೆಗೆ ನಾನೇ ಅವಳ ಜೊತೆ ಹೋಗಿ ರವಿಕೆಯ ಗುಂಡಿ ಬಿಚ್ಚಿದೆ. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ನನ್ನೊಬ್ಬಳನ್ನು ಹೊರಗೆ ಕರೆದು, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಹೇಳಿದೆ. "ಆಗಲೇ ಬರಬೇಕಿತ್ತು" ಅಂದರು. ಆಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಅದನ್ನ ಈಗ ಹೇಗೆ ಹೇಳೋದು" ಎಂದು ನನ್ನ ಭುಜ ಮುಟ್ಟಿ ಹೋದರು. ಉಳಿಯುತ್ತಿದ್ದಳು ಅಂದಿದ್ದರೂ, ಇಲ್ಲ ಅಂದಿದ್ದರೂ ನಾನು ಹೊರುತ್ತಿದ್ದೆ. ಯಾವುದನ್ನೂ ಹೇಳದೆ ಹೋದರಲ್ಲ, ಹಾಗಾಗಿ ಎರಡನ್ನೂ ಹೊತ್ತಿದ್ದೇನೆ.

ಮನೆಗೆ ಕಳಿಸಿದ ಮೇಲೆ ದಿನಾ ಕೆಲಸ ಬಿಟ್ಟೊಡನೆ ಅವಳ ಹತ್ತಿರ ಹೋಗುತ್ತಿದ್ದೆ. "ಆವಾಗ ಹೇಳಿದ್ದನ್ನೆಲ್ಲ ಇನ್ನೊಂದ್ಸಲ ಹೇಳೇ" ಎಂದು ಬೇಡಿಕೊಂಡೆ. ಅವಳು ಒಪ್ಪಲಿಲ್ಲ.

"ಒಂದ್ಸಲ ಹೇಳಿ ಹಗುರ ಆಯ್ತು ಬಿಡು. ಮತ್ತೆ ಹೊತ್ಕೊಂಡು ಎಲ್ಲಿ ಹೇಳ್ಲಿ. ಸಾಕಾಗುತ್ತೆ."

"ಅವ್ರು ಬಂದಿದ್ದು..."

"ಬಂದಿದ್ರು, ಹೋದ್ರು. ನಂಗೇ ಈಗ ಅದು ಬ್ಯಾಡ."

ಇನ್ನೊಂದು ದಿನ ತಾನಾಗಿಯೇ ಕೇಳಿದಳು. "ಅಲ್ವೇ, ಏನ್ ಇತ್ತೇ ಅದ್ರಲ್ಲಿ ಅಷ್ಟು? ನಂಗೂ ಕೇಳ್ಸು ನೋಡಾಣ."

ನನಗೆ ನಾಚಿಕೆಯಾಯಿತು. ಆ ವಸ್ತುವನ್ನು ಅವಳ ಮುಂದೆ ತರಲು ಮನಸ್ಸಾಗಲಿಲ್ಲ. "ತಗೊಂಡ್ ಬಾ ಅಂದ್ರೆ" ಎಂದು ಗದರಿದಳು. ಮಾರನೆಯ ದಿನ ತೆಗೆದುಕೊಂಡು ಹೋದೆ. ಅವಳ ಕಿವಿಗೆ ದೊಡ್ಡ ಅಳತೆಯ ರಬ್ಬರು ಬೇಕಾಯಿತು. ಅದನ್ನು ಕಿವಿ ಎಳೆದು, ತಿರುಗಿಸಿ ಕೂರಿಸಿದೆ. ಒಂದು ಅವಳಿಗೆ, ಒಂದು ನನಗೆ. ಪುಟ್ಟಿ ಬೆಕ್ಕಿಗೆ ಸ್ನಾನ ಮಾಡಿಸಲು ಹೋದದ್ದು, ಬೆಕ್ಕು ಪರಚಿದ್ದು, ಅವರಮ್ಮ ಓಡಿ ಬಂದದ್ದು, ಇಬ್ಬರೂ ಬಿದ್ದು ನಕ್ಕದ್ದು. ಎದುರಿನವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಳ ಕೊರಳು ನಗುವಿಗೆ ಕುಲುಕುತ್ತಿತ್ತು, ಕುಲುಕಿದಾಗೆಲ್ಲ ನೋವಿಗೆ ಮುಖ ಕಿವುಚುತ್ತಿತ್ತು.

ಒಂದು ಬದಿ ಮುಗಿದ ಮೇಲೆ ಹೇಳಿದಳು. "ಇದು ಕಿವೀಲಿದ್ದಿದ್ರೆ ನಾನೂ ನಿನ್ ಮಾತು ಕೇಳ್ತಿರ್ಲಿಲ್ಲ ಬಿಡೇ. ಹಿಂದ್ಗಡೆದು ಹಾಕು."

ಆ ವಾರ ನಾನು ಹಳೆಯ ಕ್ಯಾಸೆಟ್ಟನ್ನು ಕಂಡಕ್ಟರಿಗೆ ಕೊಡಲಿಲ್ಲ. ಅವಳ ದಿಂಬಿನ ಹತ್ತಿರವೇ ಬಿಟ್ಟೆ. ಹನ್ನೆರಡು ದಿನ ಕೇಳಿದಳು. ಹದಿಮೂರನೇ ದಿನ ಮಧ್ಯಾಹ್ನ, ನಾನು ಮೇಜಿನಲ್ಲಿರುವಾಗ, ಅವಳ ತಮ್ಮ ವರ್ಕ್ಸಿನ ಗೇಟಿಗೆ ಬಂದು ನಿಂತ. ಅವನನ್ನು ಕಂಡೇ ತಿಳಿಯಿತು.

ಮಣ್ಣು ಮಾಡಿ ಬಂದು ಮೂರನೇ ದಿನಕ್ಕೆ ಕೆಲಸಕ್ಕೆ ಹೋದೆ. ಕಿವಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಎರಡೂ ಕಂಪ್ರೆಸರಿನ ಸದ್ದು ಬಂದು ನೇರ ತಲೆಗೆ ಹೊಡೆಯಿತು. ಎದುರಿನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಪುಟ್ಟಿಯ ಮೇಲಿನ ನನ್ನ ಸಂತೋಷ ಒಂದು ಚೂರೂ ಕಡಿಮೆಯಾಗಿರಲಿಲ್ಲ, ಈಗಲೂ ಆಗಿಲ್ಲ. ಮಗುವಿನ ದನಿ ನೆನೆದರೆ ಮೈ ಅರಳುತ್ತದೆ, ಅರಳಿದ ಮೇಲೆ ಅವಳ ನೆನಪು ಬರುತ್ತದೆ.

ಊಟದ ಬಿಡುವಿನಲ್ಲಿ ನನ್ನ ಪಕ್ಕದ ಜಾಗದವಳನ್ನು ತಡೆದು ನಿಲ್ಲಿಸಿದೆ. ಏಳು ವಾರವೂ ಅವಳು ನಮ್ಮಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು.

"ಅವ್ಳು ಆವಾಗ ಏನೇನ್ ಹೇಳ್ತಿದ್ಲು? ನಿಂಗ್ ಕೇಳಿಸ್ತಿತ್ತಲ್ಲ? ಗಂಡ ಬಂದಿದ್ದ ವಿಷಯ, ಮತ್ತೆ ಇನ್ನೇನಾದ್ರೂ? ನೆನಪಿರೋದು ಹೇಳೇ."

ಅವಳು ಬುತ್ತಿಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಒಂದು ಥರಾ ನೋಡಿದಳು.

"ನಿಂಗ್ ಹೇಳ್ತಿದ್ದಿದ್ದು ಮಾರಾಯ್ತಿ ಅದು" ಅಂದಳು. "ಎದುರಾಎದುರು ಕೂತೋರ ಮಾತಿಗೆ ನಾವ್ ಕಿವಿ ಕೊಡ್ತೀವಾ? ನೀ ಕೇಳ್ತಿದ್ಯಲ್ಲ ಅಂತ ನಾವ್ಯಾರೂ ಕೇಳ್ಲಿಲ್ಲ."